ಸತ್ತದ್ದಾ, ಮಲಗಿದ್ದಾ?

ಏಪ್ರಿಲ್ ತಿಂಗಳ ಒಂದು ಗುರುವಾರ ರಾತ್ರಿ ಹನ್ನೊಂದು ಗಂಟೆಗೆ ಮೂಡಬಿದಿರೆಯಿಂದ ಅಕ್ಕನ ಫೋನು. ಆ ಹೊತ್ತಿಗೆ ಊರಿಂದ ಫೋನು ಬಂದರೆ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ಬೆಂಗಳೂರಿನಲ್ಲಿರುವ ಊರಿನವರಿಗೆಲ್ಲ ಇದು ಗೊತ್ತಿರುವ ವಿಷಯವೇ. ಎತ್ತಿದರೆ ಆ ಕಡೆ ಅಕ್ಕ ಅಲ್ಲ, ಅವಳ ಮಗಳು. ಹತ್ತು ವರ್ಷ. ಅಳು ತಡೆದುಕೊಂಡ ಸ್ವರ.

"ಮಾವಾ, ಬಸು ಸತ್ತದ್ದಾ, ಮಲಗಿದ್ದಾ? ಹೇಗೆ ಗೊತ್ತಾಗುದು?"

ಬಸು ಅಂದರೆ ಅವಳ ಬಸವನಹುಳು. ತುಳುವಿನಲ್ಲಿ ನಾವು ನರ್ತೆ ಅನ್ನುತ್ತೇವೆ. ಆದರೆ ಇದು ಹೊಳೆಬದಿಯ ನಮ್ಮ ನರ್ತೆ ಅಲ್ಲ, ದೊಡ್ಡ ಆಫ್ರಿಕನ್ ಬಸವನಹುಳು. 1847ರಲ್ಲಿ ಬೆನ್ಸನ್ ಎಂಬ ಇಂಗ್ಲಿಷರವನೊಬ್ಬ ಮಾರಿಷಸ್‌ನಿಂದ ತಂದು ಕಲ್ಕತ್ತೆಯ ತೋಟವೊಂದರಲ್ಲಿ ಬಿಟ್ಟನಂತೆ. ಅಲ್ಲಿಂದ ಅದು ತನ್ನದೇ ವೇಗದಲ್ಲಿ ದೇಶವೆಲ್ಲ ಸುತ್ತಿ, ಬೆಳ್ತಂಗಡಿ ತಾಲೂಕಿನ ನಮ್ಮ ತೋಟಕ್ಕೂ ಬಂದು ತಲುಪಿದೆ. ಪಪ್ಪಾಯಿ, ಬಾಳೆ, ತರಕಾರಿ, ಅಡಿಕೆಯ ಎಳೆ ಸಸಿ, ಯಾವುದನ್ನೂ ಬಿಡುವುದಿಲ್ಲ. ಮಳೆಗಾಲದ ರಾತ್ರಿ ಅಪ್ಪ ತಲೆಗೆ ಟಾರ್ಚ್ ಕಟ್ಟಿಕೊಂಡು ಬಕೆಟ್ ಹಿಡಿದು ಹೊರಡುತ್ತಾರೆ. ಬಕೆಟ್ಟಿನಲ್ಲಿ ಉಪ್ಪುನೀರು. ಹೆಕ್ಕಿ ಹೆಕ್ಕಿ ಹಾಕುವುದು. ಬೆಳಿಗ್ಗೆ ಹೊಂಡ ತೆಗೆದು ಹೂಳುವುದು.

ಆರು ವರ್ಷದ ಹಿಂದೆ ಅಂಥ ಒಂದು ಬಕೆಟ್ಟಿಗೆ ಬೀಳಬೇಕಾಗಿದ್ದ ಹುಳುವನ್ನು ನಾಲ್ಕು ವರ್ಷದ ಈ ಹುಡುಗಿ ಹಟ ಮಾಡಿ ಉಳಿಸಿಕೊಂಡಳು. ಹಳೆಯ ಮೀನಿನ ಟ್ಯಾಂಕಿಗೆ ಮಣ್ಣು ತುಂಬಿ, ಸೌತೆಕಾಯಿ ಸಿಪ್ಪೆ ಹಾಕಿ, ಚಿಪ್ಪು ಗಟ್ಟಿಯಾಗಲಿ ಅಂತ ಮೊಟ್ಟೆಯ ಓಡು ಪುಡಿಮಾಡಿ ಹಾಕಿ ಸಾಕಿದಳು. ಅಕ್ಕನದು ಎರಡೇ ಷರತ್ತು. ಮುಟ್ಟಿದರೆ ಸಾಬೂನು ಹಾಕಿ ಕೈ ತೊಳೆಯಬೇಕು, ಯಾಕೆಂದರೆ ಈ ಹುಳುವಿನ ಲೋಳೆಯಲ್ಲಿ ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಪರಾವಲಂಬಿ ಇರಬಹುದು. ಇನ್ನೊಂದು, ಯಾವ ಕಾರಣಕ್ಕೂ ಹೊರಗೆ ಬಿಡಬಾರದು. ಒಂದೇ ಮನೆಯವರು ಇನ್ನೂರು ಹುಳು ಕೊಂದು ಒಂದಕ್ಕೆ ಹೆಸರಿಟ್ಟದ್ದು ಸರಿಯಾ ಅಂತ ಕೇಳಬೇಡಿ. ಕೋಳಿ ತಿಂದು ನಾಯಿ ಸಾಕುವ ನಾವೆಲ್ಲ ಅದೇ ಲೆಕ್ಕದವರು.

ಈ ಜಾತಿಯ ಹುಳು ಸಾಮಾನ್ಯವಾಗಿ ಐದಾರು ವರ್ಷ ಬದುಕುತ್ತದೆ. ಹಾಗಾಗಿ ಬಸು ಮುದುಕ, ಅಥವಾ ಮುದುಕಿ. ಅದಕ್ಕೆ ಎರಡೂ ಹೌದು. ಚಿಪ್ಪಿನ ತುದಿ ಬಿಳಿಚಿಕೊಂಡು ಪದರ ಎದ್ದಿತ್ತು, ತಿನ್ನುವುದು ಕಡಿಮೆಯಾಗಿತ್ತು. ಈಗ ಹನ್ನೆರಡು ದಿನದಿಂದ ಒಳಗೆ ಎಳೆದುಕೊಂಡದ್ದು ಹೊರಗೇ ಬಂದಿಲ್ಲ.

ನನಗೆ ತಿಳಿದದ್ದನ್ನೆಲ್ಲ ಫೋನಿನಲ್ಲೇ ಹೇಳಿದೆ. ಬೇಸಗೆಯಲ್ಲಿ ಬಸವನಹುಳು ಚಿಪ್ಪಿನೊಳಗೆ ಸೇರಿ, ಬಾಯಿಗೆ ಒಣಲೋಳೆಯ ಒಂದು ಪರದೆ ಎಳೆದುಕೊಂಡು ಮಲಗುತ್ತದೆ. ಹೃದಯ ನಿಧಾನ, ಉಸಿರು ನಿಧಾನ, ಊಟ ಇಲ್ಲ. ತಿಂಗಳುಗಟ್ಟಲೆ ಹಾಗೇ ಇರಬಲ್ಲದು. ಪರದೆ ಉಂಟಾ ನೋಡು. ಚಿಪ್ಪನ್ನು ಎತ್ತಿ ನೋಡು, ಟೊಳ್ಳು ಅನಿಸುವಷ್ಟು ಹಗುರ ಉಂಟಾ? ಮೈ ಹೊರಗೆ ಜೋತುಬಿದ್ದು, ಮುಟ್ಟಿದರೂ ಒಳಗೆ ಹೋಗುವುದಿಲ್ಲ ಅಂತಾದರೆ ಸಂಶಯ. ನಾತ ಬಂದರೆ ಮುಗಿಯಿತು.

"ಪರದೆ ಅರ್ಧ ಉಂಟು. ಹಗುರ ಅಂತ ಅನಿಸ್ತದೆ. ಆದರೆ ಮೊದಲು ಎಷ್ಟು ಭಾರ ಇತ್ತು ಅಂತ ನಾನು ತೂಗಿ ನೋಡಿರ್ಲಿಲ್ಲ ಅಲ್ವಾ ಮಾವ? ನಾತ ಇಲ್ಲ."

ಮಗುವಿನ ಉತ್ತರ ಕೇಳಿ ನಾನು ಸುಮ್ಮನಾದೆ. ನನ್ನ ಟೀಮಿನಲ್ಲಿ ಇಷ್ಟು ಶುದ್ಧವಾಗಿ ಬಗ್ ರಿಪೋರ್ಟ್ ಕೊಡುವವರು ಕಡಿಮೆ.

ಅಷ್ಟರಲ್ಲಿ ಕಾನ್ಫರೆನ್ಸ್ ಕಾಲಿನಲ್ಲಿದ್ದ ಅಪ್ಪ, "ಅಯ್ಯೋ ಮಾರಾಯ್ತಿ, ಒಂದು ಚಿಟಿಕೆ ಉಪ್ಪು ಹಾಕಿ ನೋಡು. ಜೀವ ಇದ್ರೆ ನೊರೆ ಬರ್ತದೆ. ಒಂದು ನಿಮಿಷದ ಕೆಲಸ" ಅಂದರು. ಆ ಕಡೆ ಅಳು ಜೋರಾಯಿತು. ಅಪ್ಪ ತಮಾಷೆ ಮಾಡಿದ್ದಲ್ಲ. ನಿಜವಾಗಿಯೂ ಅದು ಖಚಿತ ಪರೀಕ್ಷೆ. ಒಂದೇ ಸಮಸ್ಯೆ, ಬದುಕಿದೆ ಎಂದು ತೋರಿಸಿಕೊಡುವ ಹೊತ್ತಿಗೆ ಹುಳು ಸಾಯುತ್ತದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಹುಳುವೊಂದೇ ಅಲ್ಲ, ಆ ಪ್ರಶ್ನೆ ನನ್ನ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ನಾನು ಕೆಲಸ ಮಾಡುವುದು ನೂರಾರು ಸರ್ವರ್‌ಗಳು ಒಟ್ಟಿಗೆ ನಡೆಯಬೇಕಾದ ಸಿಸ್ಟಮ್‌ಗಳ ಮೇಲೆ. ಅಲ್ಲಿ ಪ್ರತಿಯೊಂದು ಯಂತ್ರವೂ ಕೆಲವು ಸೆಕೆಂಡಿಗೊಮ್ಮೆ "ನಾನಿದ್ದೇನೆ" ಅಂತ ಉಳಿದವರಿಗೆ ಹೇಳಬೇಕು. ಅದಕ್ಕೆ ನಾವು ಇಟ್ಟ ಹೆಸರೇ ಹಾರ್ಟ್‌ಬೀಟ್. ಅದು ನಿಂತರೆ ಯಂತ್ರ ಸತ್ತಿದೆಯಾ, ನಿಧಾನವಾಗಿದೆಯಾ, ಅಥವಾ ಮಧ್ಯದ ತಂತಿ ಹೋಗಿ ನಮಗೆ ಕೇಳಿಸುತ್ತಿಲ್ಲವಾ? ಹೊರಗಿನಿಂದ ನೋಡುವವನಿಗೆ ಮೂರೂ ಒಂದೇ ಥರ: ಮೌನ.

1985ರಲ್ಲಿ ಫಿಶರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು ಒಂದು ಪ್ರಮೇಯ ಸಾಧಿಸಿದರು. ಸುದ್ದಿ ತಲುಪಲು ಎಷ್ಟು ಹೊತ್ತಾದೀತು ಅನ್ನುವುದಕ್ಕೆ ಮಿತಿಯೇ ಇಲ್ಲದ ಜಾಲದಲ್ಲಿ, ಒಂದೇ ಒಂದು ಯಂತ್ರ ಸಾಯುವ ಸಾಧ್ಯತೆ ಇದ್ದರೂ ಸಾಕು, ಉಳಿದವರೆಲ್ಲ ಒಂದು ತೀರ್ಮಾನಕ್ಕೆ ಬಂದೇ ಬರುತ್ತಾರೆ ಅಂತ ಗ್ಯಾರಂಟಿ ಕೊಡುವ ಉಪಾಯವೇ ಇಲ್ಲ. ಅದರ ಬುಡದಲ್ಲಿರುವ ತೊಡಕು ಮೂಡಬಿದಿರೆಯ ಹುಡುಗಿಯದ್ದೇ. ಸತ್ತದ್ದಕ್ಕೂ ತೀರ ನಿಧಾನವಾದದ್ದಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ನಮ್ಮ ಪುಸ್ತಕಗಳಲ್ಲಿ ಯಂತ್ರ "ಸತ್ತಿದೆ" ಎಂದು ಬರೆಯುವುದಿಲ್ಲ, "ಸಂಶಯಿಸಲಾಗಿದೆ" ಎಂದು ಬರೆಯುತ್ತಾರೆ. ಒಳ್ಳೆಯ ವಿನಯ.

ಆದರೆ ಕಂಪೆನಿ ನಡೆಯಬೇಕಲ್ಲ? ಅದಕ್ಕೊಂದು ಟೈಮ್‌ಔಟ್ ಇಡುತ್ತೇವೆ. ಮೂವತ್ತು ಸೆಕೆಂಡು ಸದ್ದಿಲ್ಲದಿದ್ದರೆ ಸತ್ತಂತೆ. ಆದರೆ ಸತ್ತಿದೆ ಅಂದುಕೊಂಡದ್ದು ಆಮೇಲೆ ಎದ್ದು ಬಂದರೆ ಇಬ್ಬರು ಯಜಮಾನರಾಗಿ ಡೇಟಾ ಎಲ್ಲ ಹಾಳು. ಅದಕ್ಕೆ ಇನ್ನೊಂದು ಉಪಾಯ: ಸಂಶಯ ಬಂದ ಯಂತ್ರದ ಕರೆಂಟನ್ನೇ ತೆಗೆದುಬಿಡುವುದು. ಅದಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರು ಕನ್ನಡಕ್ಕೆ ತಂದರೆ "ಆ ಇನ್ನೊಬ್ಬನ ತಲೆಗೆ ಗುಂಡು ಹೊಡಿ" ಎಂದಾಗುತ್ತದೆ. ಸತ್ತಿದೆಯಾ ಗೊತ್ತಿಲ್ಲ, ಆದ್ದರಿಂದ ಕೊಲ್ಲು, ಆಗ ಖಾತ್ರಿ. ಎಷ್ಟೋ ಸಲ ನಾನೇ ಅದನ್ನು ಕಾನ್ಫಿಗರ್ ಮಾಡಿ, ಕಾಫಿ ಕುಡಿದು, ಮನೆಗೆ ಬಂದಿದ್ದೇನೆ. ಅಪ್ಪನ ಉಪ್ಪೂ ನನ್ನ ಈ ಸ್ಕ್ರಿಪ್ಟೂ ಒಂದೇ ಅಂತ ಆ ರಾತ್ರಿ ಮೊದಲ ಸಲ ಹೊಳೆಯಿತು.

ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ. ಶಿರಾಡಿ ಇಳಿದು, ಬೆಳಗಿನ ಜಾವ ಬಿ.ಸಿ.ರೋಡಿನಲ್ಲಿ ಬ್ಯಾಗು ಹಿಡಿದು ನಿಂತಾಗ ಬಂಟ್ವಾಳದ ಕಡೆಯಿಂದ ನೇತ್ರಾವತಿಯ ತಂಪು ಗಾಳಿ. ಅಲ್ಲಿಂದ ಸಿದ್ಧಕಟ್ಟೆ ದಾರಿಯಾಗಿ ಮೂಡಬಿದಿರೆ. ಹುಳುವಿಗೋಸ್ಕರ ಊರಿಗೆ ಹೋಗುತ್ತಿದ್ದೇನೆ ಅಂತ ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ, ಬರೀ ಹುಳುವಿಗೋಸ್ಕರ ಹೋದದ್ದೂ ಅಲ್ಲ.

ದಾರಿಯಲ್ಲಿ ಫೋನಿನಲ್ಲಿ ಓದುತ್ತಿದ್ದಾಗ ಒಂದು ಕತೆ ಸಿಕ್ಕಿತು. ನಡೆದದ್ದೇ. ಈಜಿಪ್ಟಿನಿಂದ ತಂದ ಮರುಭೂಮಿಯ ಬಸವನಹುಳು ಒಂದನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನವರು, ಸತ್ತಿದೆ ಎಂದುಕೊಂಡು, 1846ರ ಮಾರ್ಚ್ 25ರಂದು ಒಂದು ರಟ್ಟಿಗೆ ಗೋಂದು ಹಾಕಿ ಅಂಟಿಸಿದರು. ನಾಲ್ಕು ವರ್ಷ ಅದು ಹಾಗೇ ಇತ್ತು. 1850ರ ಮಾರ್ಚಿನಲ್ಲಿ ಯಾರೋ ನೋಡುತ್ತಾರೆ, ಚಿಪ್ಪಿನ ಹತ್ತಿರ ರಟ್ಟಿನ ಬಣ್ಣ ಮಾಸಿದೆ, ಲೋಳೆಯ ಕಲೆ. ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಹುಳು ಮೆಲ್ಲಗೆ ತಲೆ ಹೊರಗೆ ಹಾಕಿತು! ಆಮೇಲೆ ಸುಮಾರು ಎರಡು ವರ್ಷ ಬದುಕಿತ್ತು. ಜಗತ್ತಿನ ದೊಡ್ಡ ದೊಡ್ಡ ಪಂಡಿತರು ಇದ್ದ ಜಾಗದಲ್ಲಿ ನಾಲ್ಕು ವರ್ಷ ಒಂದು ಜೀವ ಲೇಬಲ್ಲಿನ ಪಕ್ಕ ಕೂತಿತ್ತು. ಯಾರೂ ದುಷ್ಟರಲ್ಲ. ಒಂದು ಸಲ "ಸತ್ತಿದೆ" ಅಂತ ಬರೆದ ಮೇಲೆ ಮತ್ತೆ ಕೇಳುವುದು ಯಾರಿಗೂ ಬೇಕಾಗಲಿಲ್ಲ, ಅಷ್ಟೇ.

ಈ ಕತೆ ಹೇಳಿದ್ದೇ ತಪ್ಪಾಯಿತೋ ಏನೋ. ಹುಡುಗಿಯ ಮುಖ ಅರಳಿತು. "ಹಾಗಾದ್ರೆ ನಾಲ್ಕು ವರ್ಷ ಕಾಯುವ!"

ಶನಿವಾರ ಬಸುವಿಗೆ ಸ್ನಾನ. ತಟ್ಟೆಯಲ್ಲಿ ಅರ್ಧ ಇಂಚು ಉಗುರುಬೆಚ್ಚಗಿನ ನೀರು, ಹುಳು ಮುಳುಗದ ಹಾಗೆ. ಎದುರಿಗೆ ಸೌತೆಕಾಯಿಯ ಒಂದು ಹೋಳು. ಅರ್ಧ ಪರದೆ ನೀರಿನಲ್ಲಿ ಕರಗಿತು. ಒಳಗೆ, ತುಂಬಾ ಒಳಗೆ, ಕಂದುಬಣ್ಣದ ಮೈ ಕಾಣಿಸಿತು. ಅಲುಗಲಿಲ್ಲ. ಬಸವನಹುಳುವಿಗೆ ಚಿಪ್ಪಿನ ಅಂಚಿನಲ್ಲಿ ಉಸಿರಾಡುವ ಒಂದು ಸಣ್ಣ ರಂಧ್ರ ಇರುತ್ತದೆ, ತೆರೆದು ಮುಚ್ಚುವುದು ಕಣ್ಣಿಗೇ ಕಾಣುತ್ತದೆ. ಆದರೆ ಇಷ್ಟು ಒಳಗೆ ಹೋದ ಮೇಲೆ ಅದೂ ಕಾಣುವುದಿಲ್ಲ. ಇಬ್ಬರೂ ಮೊಬೈಲ್ ಟಾರ್ಚ್ ಹಿಡಿದು ಒಂದು ಗಂಟೆ ನೋಡಿದೆವು. ಅಲುಗಿತು ಅಂತ ಅವಳಿಗೆ ಎರಡು ಸಲ ಅನಿಸಿತು, ನನಗೆ ಒಂದು ಸಲ. ಒಟ್ಟಿಗೆ ಒಮ್ಮೆಯೂ ಅನಿಸಲಿಲ್ಲ.

ಭಾನುವಾರ ಪಕ್ಕದ ಮನೆಯ ಮಾಸ್ಟ್ರು ಬಂದರು. ರಿಟೈರ್ ಆದ ಮೇಲೆ ದಿನಾ ಬೆಳಿಗ್ಗೆ ಸಾವಿರ ಕಂಬದ ಬಸದಿಗೆ ಹೋಗಿ ಬರುವವರು. ಕತ್ತಲಾಗುವ ಮೊದಲೇ ಊಟ ಮುಗಿಸುವ ಜೈನರು. ಅವರು ಕನ್ನಡಕ ಸರಿಮಾಡಿಕೊಂಡು ತಟ್ಟೆಯ ಎದುರು ಕೂತು, "ಇದು ದ್ವೀಂದ್ರಿಯ ಜೀವ ಮಗಾ" ಎಂದರು. ಜೈನರ ಲೆಕ್ಕದಲ್ಲಿ ಗಿಡಮರಕ್ಕೆ ಒಂದು ಇಂದ್ರಿಯ, ಹುಳು, ಶಂಖ, ಚಿಪ್ಪಿನಂಥವಕ್ಕೆ ಎರಡು: ಸ್ಪರ್ಶ ಮತ್ತು ರುಚಿ. ಇರುವೆಗೆ ಮೂರು, ದುಂಬಿಗೆ ನಾಲ್ಕು, ನಮಗೆ ಐದು. ಇವತ್ತಿನ ಜೀವಶಾಸ್ತ್ರ ಬಸವನಹುಳುವಿಗೆ ವಾಸನೆಯೂ ಗೊತ್ತಾಗುತ್ತದೆ, ಬೆಳಕೂ ತಿಳಿಯುತ್ತದೆ ಎನ್ನುತ್ತದೆ ಅಂತ ನಾನು ಹೇಳಿದೆ. "ಹಾಗಾದ್ರೆ ಇನ್ನೂ ಜಾಗ್ರತೆ ಮಾಡ್ಬೇಕು ಅಂತ ಆಯ್ತಲ್ಲ" ಅಂದರು. ನಾನು ವಾದ ಮುಂದುವರಿಸಲಿಲ್ಲ.

ಆಮೇಲೆ ಹೇಳಿದ್ದು ನನಗೆ ಹೊಸದು. ದ್ವೀಂದ್ರಿಯ ಜೀವಕ್ಕೆ ಆರು ಪ್ರಾಣಗಳಂತೆ. ಸ್ಪರ್ಶ, ರುಚಿ, ಕಾಯಬಲ, ವಚನಬಲ, ಉಸಿರು, ಮತ್ತೆ ಆಯು. ಇವು ಬಿಟ್ಟುಹೋದರೆ ಮರಣ. "ಬಸುವಿಗೆ ವಚನ ಎಲ್ಲುಂಟು ಅಜ್ಜಾ?" ಅಂತ ಹುಡುಗಿ ನಕ್ಕಳು, ಮೂರು ದಿನದಲ್ಲಿ ಮೊದಲ ಸಲ. ನಾನು ಮಾತ್ರ ಮನಸ್ಸಿನಲ್ಲೇ ಪಟ್ಟಿ ಓದುತ್ತಿದ್ದೆ. ಮುಟ್ಟಿದರೆ ಗೊತ್ತಾಗುತ್ತದಾ, ನೋಡಬಹುದು. ರುಚಿ ನೋಡುತ್ತದಾ, ಸೌತೆಕಾಯಿ ಇಟ್ಟು ನೋಡಬಹುದು. ಅಲುಗುತ್ತದಾ, ಉಸಿರಾಡುತ್ತದಾ, ನೋಡಬಹುದು. ಕೊನೆಯದಕ್ಕೆ, ಆಯುವಿಗೆ, ಯಾವ ಪರೀಕ್ಷೆಯೂ ಇಲ್ಲ. ಹೊರಗಿನವನ ಕೈಗೆ ಸಿಗದ ಒಂದು ಸಂಗತಿಯನ್ನು ಆ ಪಟ್ಟಿ ಮಾಡಿದವರು ಗೊತ್ತಿದ್ದೇ ಒಳಗೆ ಸೇರಿಸಿದ್ದಾರೆ ಅನಿಸಿತು.

"ಹಾಗಾದ್ರೆ ಎಂತ ಮಾಡುದು ಮಾಸ್ಟ್ರೇ?" ಅಂತ ಕೇಳಿದೆ.

"ಮಾಡ್ಲಿಕ್ಕೆ ಎಂತ ಉಂಟು? ಉಪದ್ರ ಕೊಡದೆ ನೋಡ್ತಾ ಇರುದು."

ಈಗ ನಾನು ಊರಿಗೆ ಹೋದ ನಿಜವಾದ ಕಾರಣಕ್ಕೆ ಬರುತ್ತೇನೆ.

ನಾಲ್ಕು ವರ್ಷದ ಹಿಂದೆ ನನ್ನ ಅಜ್ಜಿ ತೀರಿಕೊಂಡರು. ಎಂಬತ್ತಾರು ವರ್ಷ. ಸ್ಟ್ರೋಕ್ ಆಗಿ ಮಂಗಳೂರಿನ ಒಂದು ಆಸ್ಪತ್ರೆಯ ಐಸಿಯುವಿನಲ್ಲಿ ಒಂಬತ್ತು ದಿನ ವೆಂಟಿಲೇಟರಿನಲ್ಲಿದ್ದರು. ಮೂರನೇ ದಿನವೇ ಡಾಕ್ಟರು ನಮ್ಮನ್ನು ಕೂರಿಸಿ, ಇನ್ನು ಚೇತರಿಕೆ ಕಷ್ಟ, ಮನೆಯವರು ಯೋಚನೆ ಮಾಡಿ ಅಂತ ಮೆತ್ತಗೆ ಹೇಳಿದ್ದರು. ಮನೆಯಲ್ಲಿ ಓದಿದವನು ನಾನು, ಎಲ್ಲರೂ ನನ್ನ ಮುಖ ನೋಡಿದರು. ನಾನು ಇನ್ನೊಂದು ಸ್ಕ್ಯಾನ್ ಕೇಳಿದೆ. ಬೆಂಗಳೂರಿನ ಇನ್ನೊಬ್ಬ ಡಾಕ್ಟರರ ಅಭಿಪ್ರಾಯ ಕೇಳಿದೆ. "ನೂರಕ್ಕೆ ನೂರು ಹೇಳ್ಲಿಕ್ಕೆ ಆಗ್ತದಾ?" ಅಂತ ಕೇಳಿದೆ. ಆಗುವುದಿಲ್ಲ ಅಂದರು, ಪ್ರಾಮಾಣಿಕವಾಗಿ. ಹಾಗಾದರೆ ಕಾಯೋಣ ಅಂದೆ. ಅಪ್ಪ ಆ ದಿನಗಳಲ್ಲಿ ಒಂದೇ ಪ್ರಶ್ನೆ ಕೇಳಿದ್ದು: "ಅಮ್ಮನಿಗೆ ನೋವು ಗೊತ್ತಾಗ್ತಾ ಇರಬಹುದಾ?" ನಾನು ಉತ್ತರ ಕೊಡದೆ ಲ್ಯಾಪ್‌ಟಾಪಿನಲ್ಲಿ ಪೇಪರ್ ಹುಡುಕುತ್ತಿದ್ದೆ. ಒಂಬತ್ತನೇ ದಿನ ಹೃದಯ ತಾನಾಗಿ ನಿಂತಿತು.

ಅಜ್ಜಿ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಎಷ್ಟೋ ಸಲ ಹೇಳಿದ್ದರು, "ನನ್ನನ್ನು ಈ ಮನೆಯಿಂದಲೇ ಕಳಿಸಿ" ಅಂತ. ಅದು ನನಗೆ ನೆನಪಿರಲಿಲ್ಲ ಅಂತಲ್ಲ.

ಬಸುವಿನ ವಿಷಯದಲ್ಲಿ ಕಾದದ್ದು ಸರಿ, ಅಜ್ಜಿಯ ವಿಷಯದಲ್ಲಿ ಕಾದದ್ದು ತಪ್ಪು ಅಂತ ನನಗೆ ಯಾಕೆ ಅನಿಸುತ್ತದೆ? ಎರಡರಲ್ಲೂ ನಾನು ಮಾಡಿದ್ದು ಒಂದೇ, ಖಚಿತವಾಗುವವರೆಗೆ ತಡೆದದ್ದು. ಅಕ್ಕನ ಮನೆಯ ಜಗಲಿಯಲ್ಲಿ ಕೂತು ಇದನ್ನೇ ಯೋಚಿಸಿದೆ.

ನಮ್ಮ ದೇಶದ ಕಾನೂನಿನಲ್ಲಿ ಇದಕ್ಕೆ ಸ್ವಲ್ಪ ಉತ್ತರ ಇದೆ. 1994ರ ಅಂಗಾಂಗ ಕಸಿ ಕಾಯ್ದೆ ಮಿದುಳುಕಾಂಡ ಸತ್ತರೆ ಮನುಷ್ಯ ಸತ್ತ ಹಾಗೆ ಎನ್ನುತ್ತದೆ. ಆದರೆ ಅದನ್ನು ಒಬ್ಬರು ಒಂದು ಸಲ ನೋಡಿ ಹೇಳುವಂತಿಲ್ಲ. ನಾಲ್ವರು ವೈದ್ಯರ ಮಂಡಳಿ ಬೇಕು. ಪರೀಕ್ಷೆ ಮಾಡಿ, ಕನಿಷ್ಠ ಆರು ಗಂಟೆ ಬಿಟ್ಟು, ಅದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಅಂಗಾಂಗ ತೆಗೆಯುವ ತಂಡದವರು ಆ ಮಂಡಳಿಯಲ್ಲಿ ಇರಬಾರದು. ನನಗೆ ಬಹಳ ಹಿಡಿಸಿದ್ದು ಕೊನೆಯ ಮಾತು. ಸಾವು ಯಾರಿಗೆ ಬೇಗ ಬೇಕಾಗಿದೆಯೋ, ಅದು ಎಷ್ಟೇ ಒಳ್ಳೆಯ ಕೆಲಸಕ್ಕಾದರೂ, ತೀರ್ಪು ಅವರ ಕೈಯಲ್ಲಿರಬಾರದು. ನನ್ನ ಸ್ಕ್ರಿಪ್ಟು, ಅಪ್ಪನ ಉಪ್ಪು ಎರಡೂ ತಪ್ಪುವುದು ಇಲ್ಲಿಯೇ. ಅವು ಅವಸರದವರ ಪರೀಕ್ಷೆಗಳು.

ಆದರೆ ನ್ಯಾಯ ಇನ್ನೊಂದು ಬದಿಗೂ ಅನ್ವಯಿಸಬೇಕಲ್ಲ? ಸಾವು ಬೇಡವೇ ಬೇಡ ಅನ್ನುವವನ ಕೈಯಲ್ಲಿ ತೀರ್ಪು ಇದ್ದರೂ ಅಷ್ಟೇ ಅಪಾಯ. ಐಸಿಯುವಿನ ಹೊರಗೆ ಆ ಮನುಷ್ಯ ನಾನಾಗಿದ್ದೆ. ಬಸು ಸುಮ್ಮನೆ ಮಣ್ಣಿನ ಮೇಲೆ ಮಲಗಿತ್ತು, ನಾವು ಕಾಯುವುದರಿಂದ ಅದಕ್ಕೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಕಾಯುವ ಖರ್ಚು ನಮ್ಮದು: ನಿದ್ದೆ, ರಜೆ, ಬಸ್ಸಿನ ಚಾರ್ಜು. ಅಜ್ಜಿಯ ಕಾಯುವಿಕೆಯ ಖರ್ಚನ್ನು ಅಜ್ಜಿ ಕೊಟ್ಟರು. ಗಂಟಲಲ್ಲಿ ಪೈಪು, ಕೈಯಲ್ಲಿ ಸೂಜಿ, ಕಣ್ಣೆದುರು ಟ್ಯೂಬ್‌ಲೈಟು. ನಾನು ಎಚ್ಚರಿಕೆ ಅಂದುಕೊಂಡದ್ದು ಎಚ್ಚರಿಕೆ ಆಗಿರಲಿಲ್ಲ, ನನ್ನ ಹೆದರಿಕೆ. ಮುಂದೆ ನಾನು "ನನ್ನಿಂದ ಆಯಿತು" ಅಂತ ಕೊರಗಬಾರದು ಅಂತ ಮಾಡಿಕೊಂಡ ವಿಮೆ. ಕಂತು ಕಟ್ಟಿದ್ದು ಮಾತ್ರ ಅವರು.

ಡಾಕ್ಟರು ಆ ಮೂರನೇ ದಿನ ಕೇಳಿದ್ದು "ಸತ್ತಿದ್ದಾರಾ" ಅನ್ನುವ ಪ್ರಶ್ನೆಯೇ ಅಲ್ಲ. "ಅವರಿಗೆ ಏನು ಬೇಕಾಗಿತ್ತು" ಅನ್ನುವುದು. ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು, ನೂರಕ್ಕೆ ನೂರು. ಗೊತ್ತಿದ್ದ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಗೊತ್ತಾಗದ ಪ್ರಶ್ನೆಯ ಹಿಂದೆ ಅಡಗಿ ಕೂತೆ. ಇಂಥ ಹೊತ್ತಿಗೆ ಬೇಕೆಂದೇ 2018ರಲ್ಲಿ ಸುಪ್ರೀಂ ಕೋರ್ಟು ಬದುಕಿದ್ದಾಗಲೇ ಉಯಿಲು ಬರೆದಿಡುವುದಕ್ಕೆ ಒಪ್ಪಿಗೆ ಕೊಟ್ಟು, 2023ರಲ್ಲಿ ಅದರ ನಿಯಮಗಳನ್ನು ಸರಳ ಮಾಡಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಅದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಅಜ್ಜಿ ಕಾಗದದಲ್ಲಿ ಬರೆದಿರಲಿಲ್ಲ, ಬಾಯಲ್ಲಿ ಹೇಳಿದ್ದರು. ಕೇಳಿಸಿಕೊಂಡವನು ನಾನೇ.

ಸೋಮವಾರ ವರ್ಕ್ ಫ್ರಮ್ ಹೋಮ್ ಅಂತ ಹಾಕಿ ಅಲ್ಲೇ ಉಳಿದೆ. ಬೆಳಿಗ್ಗೆ ಮೀಟಿಂಗಿನ ಮಧ್ಯೆ ಹುಡುಗಿ ಬಂದು ಪಕ್ಕದಲ್ಲಿ ನಿಂತಳು. ಮ್ಯೂಟ್ ಮಾಡಿದೆ.

"ನಾತ ಬರ್ತಾ ಉಂಟು ಮಾವ."

ಹೋಗಿ ನೋಡಿದೆ. ಸಂಶಯವೇ ಇರಲಿಲ್ಲ. ಒಂದು ಸಣ್ಣ ನೊಣ ಚಿಪ್ಪಿನ ಬಾಯಿಯಲ್ಲಿ ಕೂತಿತ್ತು. ಅವಳು ಅಳಲಿಲ್ಲ. ನಾಲ್ಕು ದಿನ ನೋಡುತ್ತಾ ಕೂತು ಅವಳೇ ಆ ಸುದ್ದಿಯ ಹತ್ತಿರ ನಡೆದು ಬಂದಿದ್ದಳು. ಯಾರೂ ಅವಳಿಗೆ ಹೇಳಬೇಕಾಗಲಿಲ್ಲ.

ಹಿತ್ತಿಲ ದಾಸವಾಳದ ಬುಡದಲ್ಲಿ ಗುಂಡಿ ತೋಡಿದೆವು. ನಾನು ಒಂದು ಅಡಿ ತೋಡಲು ಹೊರಟರೆ ಅವಳು ತಡೆದಳು. ನಾಲ್ಕು ಬೆರಳು ಆಳ ಸಾಕಂತೆ. ಮಣ್ಣನ್ನೂ ಒತ್ತಬಾರದಂತೆ, ಮೇಲೆ ಒಂದು ಗೆರಟೆ ಕವುಚಿ ಹಾಕಿದರೆ ಸಾಕಂತೆ.

"ಸತ್ತಿದೆ ಅಂತ ನಿನಗೇ ಗೊತ್ತಾಯ್ತಲ್ಲ?"

"ಗೊತ್ತಾಯ್ತು. ಆದ್ರೂ."

ನಾನು ಪಿಕಾಸಿ ಬದಿಗಿಟ್ಟೆ. ಗೆರಟೆ ಅವಳೇ ತಂದಳು. ಆಮೇಲೆ ಇಬ್ಬರೂ ಸಾಬೂನು ಹಾಕಿ ಕೈ ತೊಳೆದುಕೊಂಡೆವು. ಸಂಜೆ ನಾನು ಬೆಳ್ತಂಗಡಿಯ ಬಸ್ಸು ಹತ್ತಿದೆ. ನೀವು ಏನು ಬೇಕು ಅಂತೀರಿ, ನಿಮ್ಮ ಕೊನೆಗಾಲಕ್ಕೆ, ಅಂತ ಅಪ್ಪನ ಹತ್ತಿರ ಕೂತು ಕೇಳಬೇಕಿತ್ತು. ನಾಲ್ಕು ವರ್ಷದಿಂದ ಮುಂದೆ ಹಾಕುತ್ತಾ ಬಂದ ಮಾತು ಅದು.